ಎರಡು ಗಂಟೆಯ ದಾರಿ ಉಳಿದಿತ್ತು

ಐರ್ಲೆಂಡಿನ ಕಿಲ್ಕೆನ್ನಿಯ ನನ್ನ ಬಾಡಿಗೆ ಮನೆಯ ಬಾಗಿಲ ಬಳಿ ಒಂದು ಜೊತೆ ಬೂಟುಗಳು ಹಿಮಾಲಯದ ಮಣ್ಣು ಮೆತ್ತಿಕೊಂಡು ವಾರದಿಂದ ಬಿದ್ದಿವೆ. ತೊಳೆಯಬೇಕು, ಆದರೆ ಕೊರೊನಾ ವಾರ್ಡಿನಲ್ಲಿ ಹನ್ನೆರಡು ಗಂಟೆ ನಿಂತು ಬಂದ ನರ್ಸಿಗೆ ಬಗ್ಗುವುದೂ ಬೆಟ್ಟ ಹತ್ತಿದಷ್ಟೇ ಕಷ್ಟ ಎಂಬುದನ್ನು, ಗೆಳೆಯರೇ, ನೀವು ನಂಬಬೇಕು. ಮಂಗಳೂರಿನವಳಾದ ಸಹೋದ್ಯೋಗಿ ಲೀನಾ, "ಹೇಗಿತ್ತು ಮಾರಾಯ್ತಿ ನಿನ್ನ ಸರೋವರ?" ಎಂದು ಕೇಳಿದಾಗ "ಗ್ರ್ಯಾಂಡ್" ಎಂದುಬಿಟ್ಟೆ. 'ಎಲ್ಲ ಚೆನ್ನಾಗಿದೆ' ಎನ್ನಲು ಇಲ್ಲಿಯವರಿಂದ ಕಲಿತ ಆ ಮಾತು ಒಳ್ಳೆಯ ಮುಚ್ಚಳ. ಯಾವ ಪಾತ್ರೆಗೂ ಹೊಂದುತ್ತದೆ. ನಿಜವೆಂದರೆ, ಸರೋವರವನ್ನು ನಾನು ನೋಡಲೇ ಇಲ್ಲ.

ಹೊರಟದ್ದು ಅಕ್ಕನಿಗಾಗಿ. ಎರಡನೆಯ ಅಲೆಯಲ್ಲಿ ಭಾವ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಒಬ್ಬರೇ ತೀರಿಕೊಂಡರು. ಅಕ್ಕನನ್ನು ಒಳಗೆ ಬಿಟ್ಟಿರಲಿಲ್ಲ, ನಾನಿಲ್ಲಿ ಯಾರ್ಯಾರದೋ ಉಸಿರು ಕಾಯುತ್ತಿದ್ದೆ. ನೇಪಾಳದ ಬೆಟ್ಟಗಳ ಮೇಲಿನ ಗೋಸಾಯಿಕುಂಡ ಸರೋವರದಲ್ಲಿ ಒಮ್ಮೆ ಮಿಂದು ಬರಬೇಕೆಂಬುದು ಭಾವನ ಬಹುದಿನದ ಆಸೆ. ಹಾಲಾಹಲ ಕುಡಿದ ಶಿವ, ಗಂಟಲ ಉರಿ ತಾಳಲಾರದೆ, ತ್ರಿಶೂಲದಿಂದ ಬೆಟ್ಟ ತಿವಿದು ಚಿಮ್ಮಿಸಿದ ನೀರಂತೆ ಅದು. ಅವರ ಹೆಸರಿನಲ್ಲಿ ಆ ನೀರಿಗೆ ಇಳಿದೇ ತೀರುತ್ತೇನೆಂದು ಅಕ್ಕ ಹಟ ಹಿಡಿದಳು. ಗಡಿಗಳು ತೆರೆದ ಶರತ್ಕಾಲದಲ್ಲಿ, ಉಳಿಸಿಟ್ಟ ರಜೆಯನ್ನೆಲ್ಲ ಒಟ್ಟುಗೂಡಿಸಿ, ಕಠ್ಮಂಡುವಿನಲ್ಲಿ ಅವಳನ್ನು ಕೂಡಿಕೊಂಡೆ.

ನಡಿಗೆಯ ನಾಲ್ಕನೆಯ ಬೆಳಗ್ಗೆ, ಕೊನೆಯ ತಂಗುದಾಣದಲ್ಲಿ, ಕುಂಡಕ್ಕೆ ಇನ್ನೆರಡೇ ಗಂಟೆಯ ದಾರಿ ಇರುವಾಗ, ಅಕ್ಕನಿಗೆ ಬೂಟಿನ ದಾರ ಕಟ್ಟಲಾಗಲಿಲ್ಲ. ತಲೆ ಸಿಡಿಯುತ್ತಿದೆ ಎಂದಳು. ತುಟಿ ನೀಲಿಗಟ್ಟಿತ್ತು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆ: ಅರವತ್ತೆಂಟು. ಆ ಎತ್ತರಕ್ಕೂ ತೀರಾ ಕಡಿಮೆ. ನೀಲಕಂಠನ ನೀರು ಕಾಣಲು ಬಂದ ನನಗೆ, ವಾರ್ಡಿನಲ್ಲಿ ಬಿಟ್ಟುಬಂದೆನೆಂದುಕೊಂಡ ನೀಲಿಯೇ ಎದುರಾಯಿತು.

"ಅಕ್ಕ, ಇಳಿಯೋಣ."

"ಎರಡೇ ಗಂಟೆ ಕಣೇ. ಕೂತು ಕೂತು ಹತ್ತುತೀನಿ."

"ಆಗಲ್ಲ. ಈಗಲೇ ಇಳೀಬೇಕು."

"ನೀನು ನರ್ಸಾಗಿ ಬಂದ್ಯೋ, ತಂಗಿಯಾಗಿ ಬಂದ್ಯೋ?"

ಎರಡು ವರ್ಷದ ದಣಿವಿನಲ್ಲಿ ವಾದಿಸುವ ತ್ರಾಣ ಉಳಿದಿರಲಿಲ್ಲ. ಅವಳ ಕೈ ಹಿಡಿದು ಇಳಿಯತೊಡಗಿದೆ. ಇನ್ನೊಂದು ಪಕ್ಕದಲ್ಲಿ, ದಾರಿ ತೋರಲು ಜೊತೆಗಿದ್ದ ಗೈಡ್ ಅವಳಿಗೆ ಆಸರೆಯಾದ. ಮಧ್ಯಾಹ್ನ ಕಾಡಿನ ಅಂಚು ತಲುಪಿದಾಗ ಯಂತ್ರ ಎಂಬತ್ತೈದು ತೋರಿಸಿತು. ಅಕ್ಕನ ತುಟಿಗೆ ಬಣ್ಣ ಬಂತು, ಮಾತು ಬರಲಿಲ್ಲ. ವಿಮಾನ ನಿಲ್ದಾಣದಲ್ಲೂ ಅವಳು ಹಿಂತಿರುಗಿ ನೋಡದೆ ಹೋದಳು.

ಯಾತ್ರೆಯೆಂದರೆ ಮುಟ್ಟುವುದೆಂದೇ ನಾವೆಲ್ಲ ತಿಳಿದಿದ್ದೇವೆ. ಅರ್ಧದಿಂದ ಮರಳಿದವರಿಗೆ ಯಾವ ಫಲಶ್ರುತಿಯೂ ಇಲ್ಲ. ಸರಿಯಾದದ್ದನ್ನೇ ಮಾಡಿದೆನೆಂದು ನನ್ನೊಳಗಿನ ನರ್ಸು ಹೇಳುತ್ತಿದ್ದಳು. ತಂಗಿ ಮಾತ್ರ ಒಪ್ಪಿರಲಿಲ್ಲ.

ನಿನ್ನೆ ಕೆಲಸ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅಕ್ಕನ ಫೋನ್ ಬಂತು.

"ಅವರನ್ನೂ ಯಾರಾದ್ರೂ ಹೀಗೇ ಕೈ ಹಿಡಿದು ಇಳಿಸಿಕೊಂಡು ಬಂದಿದ್ದಿದ್ರೆ ಅಂತ ಅನ್ನಿಸ್ತಾ ಇದೆ ಕಣೇ," ಎಂದಳು.

ಬಸ್ಸು ಬಂತು, ಬಾಗಿಲು ತೆರೆಯಿತು, ಒಂದಿಷ್ಟು ಕಾದು ಹೊರಟುಹೋಯಿತು. ನಾವಿಬ್ಬರೂ ಅಳುತ್ತಿದ್ದೆವು.