ಬೀದಿ ಸುತ್ತಿ ಬಂದ ಎದೆನೋವು

ನಾನು ಕೊಳ್ಳೇಗಾಲದ ಆಸ್ಪತ್ರೆಗೆ ಡಾಕ್ಟರಾಗಿ ಬಂದು ಎರಡು ವಾರವೂ ಆಗಿರಲಿಲ್ಲ. ಎದೆ ಹಿಡಿದುಕೊಂಡು ಬೆವರುತ್ತಿದ್ದ ಗಂಡನ ರಟ್ಟೆ ಹಿಡಿದು ಹೆಂಗಸೊಬ್ಬಳು ಆಸ್ಪತ್ರೆಯ ಅಂಗಳದಲ್ಲಿ ಸುತ್ತು ಹಾಕಿಸುತ್ತಿದ್ದಳು. ಆತ ಕುಸಿದರೆ ಎತ್ತಿ ಮತ್ತೆ ನಡೆಸುವಳು. ನನ್ನ ಮೈಯೆಲ್ಲ ಉರಿದುಹೋಯಿತು.

“ನಡಸಬ್ಯಾಡ್ರಿ! ಮೊದಲ ಮಲಗಸ್ರಿ!” ಎಂದು ಕೂಗುತ್ತ ಓಡಿದೆ.

“ವಾಯು ಇಡ್ಕಂಡದೆ ಕಣ್ರವ್ವಾ. ನಡೆಸುದ್ರೆ ಬುಟ್ಟೋಯ್ತದೆ. ಬೀದಿಲೂ ನಾಕ್ ಸುತ್ತು ಸುತ್ಸಿವ್ನಿ,” ಎಂದಳು ಆಕೆ, ಪುಟ್ಟತಾಯಮ್ಮ. ಗಂಡ ನಂಜಪ್ಪ ರೇಷ್ಮೆ ಸೀರೆ ನೇಯುವವನು.

ನಾನು ಧಾರವಾಡದವಳು. ಆಗಿನ್ನೂ ಕನ್ನಡ ನಾಡು ಒಂದಾಗಿರಲಿಲ್ಲ; ಅಲ್ಲಿ ಮುಂಬಯಿ ಸರ್ಕಾರ, ಇಲ್ಲಿ ಮದರಾಸಿನದು, ಬಸ್ಸು ಹತ್ತಿ ಯಳಂದೂರಿಗೆ ಹೋದರೆ ಮೈಸೂರಿನದು. ಜನ ಮಾತ್ರ ಎಲ್ಲ ಕಡೆಯೂ ಕನ್ನಡದವರೇ. ಆದರೂ ನಾನು ಬಾಯಿ ಬಿಟ್ಟರೆ ವಾರ್ಡಿನವರೆಲ್ಲ ನಗುತ್ತಿದ್ದರು. ಜೋಳದ ರೊಟ್ಟಿ ಕಾಣದೆ ಹೊಟ್ಟೆ ಮುನಿಸಿಕೊಂಡಿತ್ತು.

ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರ ನಮ್ಮಲ್ಲಿಗೆ ಹೊಸದಾಗಿ ಬಂದಿತ್ತು. ನಂಜಪ್ಪನ ಕೈಕಾಲಿಗೆ ಪಟ್ಟಿ ಕಟ್ಟಿ ಚಾಲೂ ಮಾಡಿದೆ. ಗೆರೆಯೆಲ್ಲ ನಡುಗುತ್ತಿತ್ತು, ಏನೂ ಓದುವಂತಿರಲಿಲ್ಲ. ತಂತಿ ನೋಡಿದೆ, ಯಂತ್ರವನ್ನು ಬೈದೆ. ಕೊನೆಗೆ ಅವನ ಪಾದ ಕಣ್ಣಿಗೆ ಬಿತ್ತು. ಮಲಗಿದಲ್ಲೇ, ಮಗ್ಗದ ಹಲಗೆ ತುಳಿಯುವಂತೆ ತುಳಿಯುತ್ತಲೇ ಇದ್ದ.

“ಸೀರೆ ಅರ್ಧಕ್ಕೇ ನಿಂತದೆ,” ಎಂದು ನರಳಿದ.

“ನಾ ನೇಯ್ತೀನಿ. ನೀವು ಕಾಲ್ ಬುಡಿ,” ಎಂದಳು ಪುಟ್ಟತಾಯಮ್ಮ. ಪಾದ ನಿಂತಿತು. ಗೆರೆಯೂ ಸ್ಪಷ್ಟವಾಯಿತು. ಪ್ರತಿ ಬಡಿತದ ನಂತರ ಕೆಳಗಿಳಿಯಬೇಕಾದ ಗೆರೆ ಗೂನುಬೆನ್ನಿನಂತೆ ಮೇಲೇ ಉಳಿದಿತ್ತು. ಹೃದಯದ ಒಂದು ಭಾಗಕ್ಕೆ ರಕ್ತ ನಿಂತಿದೆ ಎಂದು ಅದರ ಅರ್ಥ. ಮಾರ್ಫಿನ್ ಕೊಟ್ಟೆ, ಆಮ್ಲಜನಕ ಹಿಡಿದೆ. ಆಗ ಇದ್ದ ದೊಡ್ಡ ಔಷಧವೆಂದರೆ ಆರು ವಾರ ಅಲುಗಾಡದೆ ಮಲಗುವುದು.

ಮೂರನೆಯ ದಿನ ನೋವು ಇಳಿಯಿತು. “ನೋವೇ ಇಲ್ವಲ್ಲ, ಮನ್ಗೆ ಓಯ್ತೀನಿ,” ಎಂದು ಆತ ಎದ್ದು ಕುಳಿತ. ಎದ್ದರೆ ಜೀವಕ್ಕೇ ಅಪಾಯವೆಂದೆ. ಪುಟ್ಟತಾಯಮ್ಮನ ಮುಖ ಬಿಳಿಚಿಕೊಂಡಿತು.

“ಅಂಗಾರೆ ನಾನೇ ನಡೆಸಿ ಕೊಲ್ತಿದ್ನಾ, ಡಾಕ್ಟ್ರಮ್ಮಾ?”

ಹೌದು ಎನ್ನುವ ಮಾತು ನಾಲಗೆಯ ತುದಿಯಲ್ಲಿತ್ತು. ಅವಳ ಕಣ್ಣು ನೋಡಿ ನುಂಗಿಕೊಂಡೆ.

“ಗೊತ್ತಿಲ್ಲದ ಆಗೇದವ್ವಾ. ನಮ್ಮ ಕಡೆನೂ ಅಜವಾನ ತಿನಿಸಿ ಹಿಂಗ ಅಡ್ಡಾಡಸ್ತಾರ,” ಎಂದೆ. ಸುಳ್ಳಲ್ಲ, ನಮ್ಮ ಓಣಿಯಲ್ಲೇ ಕಂಡಿದ್ದೆ.

ಅಂದಿನಿಂದ ಅವಳು ಗಂಡನನ್ನು ಪೊಲೀಸರಂತೆ ಕಾದಳು. ಬೆಳಿಗ್ಗೆ ಮಗ್ಗ, ಮಧ್ಯಾಹ್ನ ಮಂಚದ ಕಾವಲು. ನನಗೂ ಮುದ್ದೆ ತರುತ್ತಿದ್ದಳು.

ಆರು ವಾರ ಕಳೆಯಿತು. ಮನೆಗೆ ಹೊರಟ ನಂಜಪ್ಪನಿಗೆ, “ತಿಂಗಳು ಬಿಟ್ಟು ಬರ್ರಿ, ಮತ್ತೊಮ್ಮೆ ಗೆರೆ ನೋಡೂಣು,” ಎಂದೆ.

“ನೀವಿರ್ತೀರಾ? ನೀವಿದ್ರೆ ಧೈರ್ಯ,” ಎಂದಳು ಪುಟ್ಟತಾಯಮ್ಮ.

“ಇರ್ತೀನಿ,” ಎಂದುಬಿಟ್ಟೆ.

ಅವರು ಹೋದ ಮೇಲೆ ಕ್ಯಾಲೆಂಡರ್ ನೋಡಿದರೆ, ಅವರು ಮತ್ತೆ ಬರಬೇಕಾದದ್ದು ಸರಿಯಾಗಿ ನಾಗರ ಪಂಚಮಿಯ ವಾರ. ನಮ್ಮ ಕಡೆ ಹೆಣ್ಣುಮಕ್ಕಳು ಎಲ್ಲಿದ್ದರೂ ತವರಿಗೆ ಬರುವ ಹಬ್ಬ. ಅಣ್ಣ ಕರೆಯಲು ಬರುತ್ತೇನೆಂದು ಆಗಲೇ ಬರೆದಿದ್ದ. ಈ ಸಲ ಬರಬೇಡ, ಇಲ್ಲಿ ನನ್ನವರೊಬ್ಬರಿಗೆ ಹುಷಾರಿಲ್ಲ ಎಂದು ಉತ್ತರ ಬರೆದೆ. ಕಾಗದ ಅಂಚೆಗೆ ಹಾಕಿ ಬಂದು, ಬಾಗಿಲು ಮುಚ್ಚಿ, ಅವ್ವನನ್ನು ನೆನೆದು ಮನಸಾರೆ ಅತ್ತೆ.