ಕಿನ್ಸೇಲ್ ಕೋಟೆಯ ಮೈಸೂರು ದಳಪತಿ

ಡಾಕ್ಟರ್ ನಾಗಮಣಿಯ ಕೆಲಸ ಜನರಿಗೆ ನಿದ್ದೆ ಬರಿಸುವುದು. ಡಬ್ಲಿನ್‌ನ ಬ್ಯೂಮಾಂಟ್ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುತ್ತಾಳೆ. ಥಿಯೇಟರಿನ ಒಳಗೆ ಎಷ್ಟು ಗಂಭೀರವೋ ಹೊರಗೆ ಅಷ್ಟೇ ಹುಡುಗಾಟ. ಮೈಸೂರಿನಲ್ಲಿ ಓದುವಾಗ ನಾಟಕಕ್ಕೆ ಜನ ಸಾಲದು ಎಂದರೆ ಸಾಕು, ಯಾವ ಪಾತ್ರ ಎಂದೂ ಕೇಳದೆ ಕೈ ಎತ್ತಿಬಿಡುತ್ತಿದ್ದಳು.

ಕಳೆದ ಆಗಸ್ಟಿನ ರಜೆಗೆ ಗಂಡ ವೆಂಕಟೇಶಮೂರ್ತಿ, ಮಗಳು ಮಾನ್ಯಾ ಜೊತೆ ಕಿನ್ಸೇಲ್ ಬಂದರಿಗೆ ಹೋಗಿದ್ದಳು. ಐರಿಷರ ನೆರವಿಗೆಂದು ಸ್ಪೇನಿನ ಸೈನಿಕರು 1601ರಲ್ಲಿ ಹಡಗುಗಳಲ್ಲಿ ಬಂದಿಳಿದ ಊರು ಅದು. ಊರನ್ನೂ ಬಂದರಿನ ಪುಟ್ಟ ಕೋಟೆಗಳನ್ನೂ ಹಿಡಿದರು. ಇಂಗ್ಲಿಷರು ಸುತ್ತುಗಟ್ಟಿದರು. ಉತ್ತರದಿಂದ ನಡೆದು ಬಂದ ಐರಿಷ್ ಸೇನೆ ಸೋತಿತು. ಸ್ಪೇನಿನವರು ಕೋಟೆ ಒಪ್ಪಿಸಿ ತಮ್ಮ ದೇಶಕ್ಕೆ ಮರಳಿದರು. ಗುಡ್ಡದ ಮೇಲೆ ಅದನ್ನೇ ನಾಟಕವಾಡಲು ಊರಿನವರು ಸೇರಿದ್ದರು. ಸ್ಪೇನಿನ ದಳಪತಿಯಾಗಬೇಕಿದ್ದವನ ಕಾರು ಮಾತ್ರ ದಾರಿಯಲ್ಲಿ ಕೆಟ್ಟು ನಿಂತಿತ್ತು.

ನಾಟಕ ನಡೆಸುತ್ತಿದ್ದ ಮೋರಾ ಎಂಬ ಅಜ್ಜಿ, "ಯಾರಾದರೂ..." ಎನ್ನುವಷ್ಟರಲ್ಲಿ ನಾಗಮಣಿಯ ಕೈ ಮೇಲಿತ್ತು.

"ರೀ, ಈ ಬ್ಯಾಗ್ ಹಿಡ್ಕೊಳ್ಳಿ," ಎಂದಳು.

"ಏನ್ ಮಾತಾಡ್ಬೇಕು ಅಂತಾದ್ರೂ ಕೇಳ್ಕೊಂಡು ಹೋಗೇ," ಎಂದ ವೆಂಕಟೇಶಮೂರ್ತಿ.

"ಕೋಟೆ ನಿಮ್ದು ಅಂದ್ರೆ ಆಯ್ತಂತೆ. ಗ್ರ್ಯಾಂಡ್," ಎಂದಳು, ಸರಿ ಎನ್ನುವುದಕ್ಕೆ ಐರಿಷರು ಹೇಳುವ ಹಾಗೆ.

ಶಿರಸ್ತ್ರಾಣ ಮೂಗಿನವರೆಗೆ ಜಾರುತ್ತಿತ್ತು. ಅದನ್ನು ಎತ್ತಿ ಹಿಡಿದುಕೊಂಡೇ ಕೋಟೆಯ ಹಾಳುಗೋಡೆ ಏರಿ ನಿಂತಳು. ಕೆಳಗೆ ಬಿಸಿಲಿಗೆ ಹೊಳೆಯುವ ಕಡಲು. ಎದುರಿಗೆ ಊರಿನ ಬೇಕರಿಯ ಡೆಕ್ಲನ್, ಇಂಗ್ಲಿಷ್ ದಂಡನಾಯಕನ ವೇಷದಲ್ಲಿ. ಅವನು ಕತ್ತಿ ಎತ್ತಿ ಗುಡುಗಿದ, "ಕೋಟೆ ಒಪ್ಪಿಸು."

ಗಾಳಿ ಮುಖಕ್ಕೆ ಬಡಿಯಿತು. ನಾಗಮಣಿಗೆ ಎಲ್ಲಿಲ್ಲದ ಹುರುಪು ಬಂತು. ಅಚ್ಚ ಕನ್ನಡದಲ್ಲಿ ಕೂಗಿದಳು: "ಕೊಡಲ್ಲ, ಹೋಗಯ್ಯ."

ಭಾಷೆ ತಿಳಿಯದಿದ್ದರೂ ಜನಕ್ಕೆ ಭಾವ ತಿಳಿಯಿತು. ಸೇರಿದ್ದವರೆಲ್ಲ ಐರಿಷರು, ಹೋ ಎಂದು ಚಪ್ಪಾಳೆ ಹೊಡೆದರು. ಡೆಕ್ಲನ್ ಮತ್ತೆ ಕೇಳಿದ. ಮತ್ತೆ ಅದೇ ಉತ್ತರ. ಈ ಬಾರಿ ಜನರೂ ದನಿಗೂಡಿಸಿದರು. "ಕೊಡಲ್ಲ" ಎಂಬ ಮಾತು ಕಡಲಿನವರೆಗೆ ಕೇಳಿಸಿತು.

ಮಾನ್ಯಾ ಮುಖ ಮುಚ್ಚಿಕೊಂಡು, "ಮಾಮ್, ಸ್ಟಾಪ್," ಎಂದಳು. ಬೆರಳ ಸಂದಿಯಿಂದ ನೋಡುವುದನ್ನು ಮಾತ್ರ ಬಿಡಲಿಲ್ಲ.

ಮೋರಾ ಗೋಡೆಯ ಬುಡಕ್ಕೆ ಬಂದು ಮೆಲ್ಲಗೆ ಹೇಳಿದಳು, "ಚಿನ್ನ, ನೀನು ಸೋಲಲೇಬೇಕು. ಚರಿತ್ರೆ ಹಾಗಿದೆ."

"ಸರಿ, ಆದರೆ ಷರತ್ತಿದೆ," ಎಂದಳು ನಾಗಮಣಿ, ಈಗ ಇಂಗ್ಲಿಷಿನಲ್ಲಿ. "ನಮ್ಮ ಬಾವುಟ, ಬಂದೂಕು ನಮಗೇ ಇರಬೇಕು. ಊರಿಗೆ ಹೋಗಲು ಹಡಗು ನೀವೇ ಕೊಡಬೇಕು."

ನಿಜವಾದ ದಳಪತಿ ಗಿಟ್ಟಿಸಿಕೊಂಡ ಷರತ್ತುಗಳೇ ಅವು; ನಾಗಮಣಿ ಅವನ್ನು ಬೆಳಗ್ಗೆ ಬಂದರಿನ ಚರಿತ್ರೆಯ ಫಲಕದಲ್ಲಿ ಓದಿದ್ದಳು.

"ಜೊತೆಗೆ ನನ್ನ ಸೈನಿಕರಿಗೆಲ್ಲ ಬಿಸಿ ಸ್ಕೋನ್," ಎಂದು ಸೇರಿಸಿದಳು. ಡೆಕ್ಲನ್‌ನ ಬೇಕರಿಯ ಈ ಬನ್ನಿನ ಮಾತು ಯಾವ ಫಲಕದಲ್ಲೂ ಇರಲಿಲ್ಲ.

"ಬೆಣ್ಣೆ ಸಮೇತ," ಎಂದ ಡೆಕ್ಲನ್, ನಗು ತಡೆಯಲಾರದೆ.

ಬಾವುಟ ಹಿಡಿದು ಇಳಿಯುವಾಗ ಶಿರಸ್ತ್ರಾಣ ಹಾರಿ ಇಳಿಜಾರಿನಲ್ಲಿ ಉರುಳಿತು. ಎರಡೂ ಸೈನ್ಯಗಳು ಬಿದ್ದೆದ್ದು ಅದರ ಹಿಂದೆ ಓಡಿದವು. ನಾಗಮಣಿ ಹುಲ್ಲಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ವೆಂಕಟೇಶಮೂರ್ತಿಯೂ ಬ್ಯಾಗ್ ಅಪ್ಪಿಕೊಂಡೇ ಅವಳ ಪಕ್ಕದಲ್ಲಿ ಕೂತು ನಕ್ಕ.

ಈಗ ಆ ನಾಟಕದಲ್ಲಿ ಸ್ಪೇನಿನ ದಳಪತಿ ಎಂದರೆ ನಾಗಮಣಿಯೇ. ಈ ವರ್ಷ ನಗಾರಿ ಬಾರಿಸಲು ಮಾನ್ಯಾ ಕೂಡ ಹೆಸರು ಕೊಟ್ಟಿದ್ದಾಳೆ.