ಕಂಬಳಿಯ ಮೇಲೆ ಕೂತು ಆಡಿದ ಮಾತು

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯ ಮಗ್ಗುಲಿಗೆ ನಮ್ಮೂರು. ಒಂದು ಕಾಲಕ್ಕೆ ಇಲ್ಲಿ ಮೂವತ್ತು ಕಂಬಳಿ ಮಗ್ಗಗಳು ಆಡುತ್ತಿದ್ದವು, ಈಗ ನಾಲ್ಕು. ಆ ನಾಲ್ಕರಲ್ಲಿ ಒಂದರ ಗುಂಡಿಯೊಳಗೆ ಕಾಲಿಳಿಸಿ ಕೂರುವವಳು ಕೆಂಚಕ್ಕ. ನಮ್ಮಲ್ಲಿ ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ. ಇವಳ ಗಂಡ ತೀರಿದಾಗ ಅರ್ಧ ನೆಯ್ದ ಕಂಬಳಿ ಮಗ್ಗದಲ್ಲೇ ಉಳಿದಿತ್ತು. ದಿನಕರ್ಮ ಮುಗಿದ ಮಾರನೇ ಬೆಳಿಗ್ಗೆ ಗುಂಡಿಗೆ ಇಳಿದು ಉಳಿದರ್ಧ ನೆಯ್ದಳು. ಗಂಡನ ಕೈ ಎಲ್ಲಿ ನಿಂತಿತು, ಇವಳ ಕೈ ಎಲ್ಲಿ ಹತ್ತಿತು ಎಂದು ನಾವು ನಾಲ್ಕು ಮಂದಿ ಕಂಬಳಿಯನ್ನು ಬಿಸಿಲಿಗೆ ಹಿಡಿದು ಹುಡುಕಿದೆವು. ಸಿಗಲಿಲ್ಲ. ಇಪ್ಪತ್ತೆರಡು ವರ್ಷವಾಯಿತು, ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಹೋದ ವರ್ಷ ನೇಕಾರರ ಸಂಘದ ಅಧ್ಯಕ್ಷ ಮಾರಣ್ಣ ಬೇರೆ ಜಿಲ್ಲೆಗಳ ಸಂಘದವರ ಜೊತೆಗೂಡಿ ದಿಲ್ಲಿಗೆ ಅರ್ಜಿ ಹಾಕಿದ. ಹೊರದೇಶದಿಂದ ಹಡಗುಗಟ್ಟಲೆ ಬಂದಿಳಿಯುವ ಮಿಲ್ಲಿನ ಹೊದಿಕೆಗೆ ವರ್ಷಕ್ಕೆ ಇಷ್ಟೇ ಎಂದು ಮಿತಿ ಹಾಕಿ ಎಂಬುದು ಬೇಡಿಕೆ. ತರಿಸುವ ವ್ಯಾಪಾರಿಗಳು ಸುಮ್ಮನಿರಲಿಲ್ಲ. ಕಂಬಳಿಯೇ ಬೇರೆ, ನಮ್ಮ ಹೊದಿಕೆಯೇ ಬೇರೆ, ಇದರಿಂದ ಅದಕ್ಕೇನು ನಷ್ಟ ಎಂದು ಉತ್ತರ ಬರೆದರು. ತನಿಖೆಗೆ ದಿಲ್ಲಿಯಿಂದ ಒಬ್ಬ ಅಧಿಕಾರಿ ಬರುವುದೆಂದಾಯಿತು. ವ್ಯಾಪಾರಿಗಳ ಮಾತೇ ಸರಿ ಎಂದು ಬರೆದುಕೊಂಡು ಹೋದರೆ ಅರ್ಜಿ ಬಿದ್ದಂತೆ, ನಾಲ್ಕು ಮಗ್ಗವೂ ನಿಂತಂತೆ.

ಮಾರಣ್ಣ ಮೂರು ದಿನ ಮೊದಲೇ ಪಾಠ ಹೇಳಿಕೊಡಲು ಬಂದ.

"ಅಕ್ಕಾ, ಎರಡೂ ಒಂದ ಏನು ಅಂತ ಕೇಳ್ತಾರ. ಹೂಂ ಅಂದುಬಿಡು. ವಕೀಲರು ಹಂಗ ಹೇಳ್ಯಾರ."

"ಯಾವ್ದು ಯಾವ್ದು ಒಂದ ಲೇ?"

"ನಿನ್ನ ಕಂಬಳಿ, ಆ ಮಿಲ್ಲಿಂದು."

"ನಿನ್ನ ನಾಲಿಗಿ ಸೇದಿಹೋಗ! ಎಮ್ಮಿ ತೋರ್ಸಿ ಆನಿ ಅನ್ನು ಅಂತೀ?"

ಆದರೂ ಉಳಿದ ಮೂರು ಮನೆಗಳ ಮುಖ ನೋಡಿ, ಕೊನೆಗೆ ಹೂಂಗುಟ್ಟಿದಳು.

ಅದನ್ನು ಕೆಡಿಸಿದವನು ಮಾರಣ್ಣನೇ. ಕೆಂಚಕ್ಕನ ಮನೆ ಮುಂದೆ ಕಾರಿನಿಂದಿಳಿದ ಅಧಿಕಾರಿ ನಲವತ್ತರ ಹೆಂಗಸು. ದೂರದಿಂದ ಬಂದ ಅತಿಥಿ ಎಂಬ ಭಕ್ತಿಗೆ ಮಾರಣ್ಣ ಪೆಟ್ಟಿಗೆಯಿಂದ ಕರಿ ಕಂಬಳಿ ತೆಗೆದು ಹಾಸಿಬಿಟ್ಟ. ಆಕೆ ಕೂತು, ಕೆಂಚಕ್ಕನನ್ನೂ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಹಾಸಿದ ಕರಿ ಕಂಬಳಿ ನಮ್ಮವರಿಗೆ ದೇವರ ಗದ್ದುಗೆ. ಅದರ ಮೇಲೆ ಕೂತವರು ಸುಳ್ಳಾಡುವ ಹಾಗಿಲ್ಲ. ಇದು ಹೊಳೆದಾಗ ಮಾರಣ್ಣನ ಮುಖ ಬಾಡಿದ ಬದನೆಕಾಯಿ.

ಅಧಿಕಾರಿಯದು ಹಿಂದಿ. ಕೊಟ್ಟೂರಿನಲ್ಲಿ ಹೊದಿಕೆ ಅಂಗಡಿ ಇಟ್ಟಿರುವ ಜಮಾಲುದ್ದೀನ ನಡುವೆ ನಿಂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಿಸುತ್ತಿದ್ದ. ಆಕೆ ಚೀಲದಿಂದ ಮಿಲ್ಲಿನ ಹೊದಿಕೆಯೊಂದನ್ನು ತೆಗೆದು ಕೆಂಚಕ್ಕನ ಮಡಿಲಿಗಿಟ್ಟಳು.

"ಇದೂ ನಿನ್ನ ಕಂಬಳೀನೂ ಒಂದ ಏನು ಅಂತ ಕೇಳ್ತಾರ, ಕೆಂಚಕ್ಕ," ಎಂದ ಜಮಾಲುದ್ದೀನ.

ಕೆಂಚಕ್ಕ ಕೂತ ಕಂಬಳಿಯನ್ನೊಮ್ಮೆ ಅಂಗೈಯಿಂದ ಸವರಿದಳು. ಹೊದಿಕೆಯಿಂದ ಒಂದೆಳೆ, ಕಂಬಳಿಯಿಂದ ಒಂದೆಳೆ ಕಿತ್ತಳು. ಕಡ್ಡಿ ಗೀರಿದಳು. ಹೊದಿಕೆಯ ಎಳೆ ಕರಗಿ ಸಾಸಿವೆಯಂಥ ಗಟ್ಟಿ ಗುಂಡಾಯಿತು. ನಮ್ಮದು ಕೂದಲು ಸುಟ್ಟ ವಾಸನೆ ಬಿಟ್ಟು ಬೂದಿಯಾಯಿತು.

"ಒಂದಲ್ಲವ್ವಾ," ಎಂದಳು. "ಇದು ಕುರಿ ಮೈಮ್ಯಾಲೆ ಬೆಳದದ್ದಲ್ಲ. ನಂದು ಮಳಿ ಬಂದ್ರ ನೀರು ಇಳಿಸೂದಿಲ್ಲ. ಹುಣಸಿ ಬೀಜದ ಗಂಜಿ ಕುಡದು ನಿಂತ ಎಳಿ ನಂದು."

ಮಾರಣ್ಣ ತಲೆ ಮೇಲೆ ಕೈ ಹೊತ್ತ. ಅಧಿಕಾರಿ ಬರೆದುಕೊಂಡಳು, ಪೆನ್ನು ಓಡಿದ ಸದ್ದು ನಮ್ಮೆಲ್ಲರ ಎದೆ ಗೀಚಿತು. ಆಮೇಲೆ ಏನೋ ಕೇಳಿದಳು.

"ಬ್ಯಾರೆ ಬ್ಯಾರೆ ಇದ್ದಮ್ಯಾಲೆ ಅದು ಬಂದ್ರ ನಿನಗೇನು ತ್ರಾಸು ಅಂತಾರ."

ಕೆಂಚಕ್ಕ ಅಧಿಕಾರಿಯನ್ನು ಬಿಟ್ಟು ಜಮಾಲುದ್ದೀನನ ಕಡೆ ತಿರುಗಿದಳು.

"ಲೇ ಜಮಾಲು, ನೀನೂ ಕಂಬಳಿ ಮ್ಯಾಲೆ ಬಂದು ಕೂಡು."

"ನಾ ಯಾಕಕ್ಕ? ನಾ ಬರೇ ಮಾತು ಹೇಳಾವ."

"ಕೂಡು ಲೇ. ಹತ್ತು ವರ್ಷದ ಹಿಂದ ನಿನ್ನ ಅಂಗಡ್ಯಾಗ ನನ್ನ ಕಂಬಳಿ ಎಲ್ಲಿ ಇಡ್ತಿದ್ದಿ?"

"ಮುಂದಿನ ಹಲಗಿ ಮ್ಯಾಲೆ," ಎಂದ ಜಮಾಲುದ್ದೀನ ಕಂಬಳಿಯ ತುದಿಗೆ ಕೂರುತ್ತ.

"ಈಗ ಆ ಹಲಗಿ ಮ್ಯಾಲೆ ಏನೈತಿ?"

ಜಮಾಲುದ್ದೀನ ಅವಳ ಮಡಿಲಲ್ಲಿದ್ದ ಹೊದಿಕೆ ನೋಡಿದ. "ಇದ."

"ನಂದು?"

"ಅಟ್ಟದ ಮ್ಯಾಲೆ, ಅಕ್ಕ. ಕೇಳಿದ್ರ ಇಳಸ್ತೀನಿ."

"ಯಾರು ಕೇಳ್ತಾರ?"

"ಯಾರೂ ಇಲ್ಲ. ಕುರಿ ಕಾಯಾವ್ರೂ ಈಗ ಇದನ್ನ ಒಯ್ತಾರ."

"ಹೇಳು ಆಕಿಗೆ," ಎಂದಳು ಕೆಂಚಕ್ಕ. "ಬಟ್ಟಿ ಬ್ಯಾರೆ. ಆದ್ರ ಹೆಗಲು ಒಂದ, ಚಳಿ ಒಂದ. ನಾ ಕೂತ ಜಾಗದಾಗ ಅದು ಬಂದು ಕೂತೈತಿ."

ಜಮಾಲುದ್ದೀನ ಅದನ್ನು ಹಿಂದಿಯಲ್ಲಿ ಹೇಳಿದ. ಅಧಿಕಾರಿ ಮತ್ತೊಮ್ಮೆ ಹೇಳಿಸಿ, ಒಂದೊಂದೇ ಮಾತು ಬರೆದುಕೊಂಡಳು. ವಕೀಲರು ನೂರು ಹಾಳೆ ಬರೆದು ಮುಟ್ಟಲಾಗದ್ದನ್ನು, ಸಹಿ ಹಾಕಲೂ ಬಾರದ ಹೆಂಗಸು ಸುಳ್ಳಿನ ನೆರಳು ತಾಗಿಸಿಕೊಳ್ಳದೆ ಮುಟ್ಟಿದ್ದಳು. ನಾನು ಎಷ್ಟೋ ಪಂಚಾಯಿತಿ ಕಂಡವನು, ಅಂಥ ಮಾತು ಕೇಳಿರಲಿಲ್ಲ.

ಐದು ತಿಂಗಳಿಗೆ ದಿಲ್ಲಿಯ ಕಾಗದ ಬಂತು. ವಸ್ತು ಬೇರೆಯಾದರೂ ಬಳಕೆ ಒಂದೇ, ಪೈಪೋಟಿ ನಿಜ, ಪೆಟ್ಟೂ ನಿಜ ಎಂದು ಬರೆದಿದ್ದರು. ಹೊರಗಿನ ಹೊದಿಕೆಗೆ ಮಿತಿ ಬಿತ್ತು, ಎರಡು ವರ್ಷದ ಮಟ್ಟಿಗೆ. ಮಾರಣ್ಣ ಪೇಡೆ ಹಿಡಿದು ಓಡಿದ. ಕೆಂಚಕ್ಕ ಗುಂಡಿಯಲ್ಲಿ ಕೂತವಳು ಎದ್ದಳು.

"ಬರೇ ಎರಡು ವರ್ಷ?"

"ಅಷ್ಟ ಅಕ್ಕಾ. ಅಷ್ಟರಾಗ ಗಟ್ಟಿ ಆಗ್ರಿ ಅಂತ."

ಕೆಂಚಕ್ಕ ಪೇಡೆ ಮುಟ್ಟಲಿಲ್ಲ. ಒಳಗೆ ರಾಟೆ ತಿರುಗಿಸುತ್ತಿದ್ದ ಸೊಸೆಯನ್ನು ಕೂಗಿದಳು.

"ಹೊನ್ನೂರಮ್ಮಾ, ರಾಟಿ ಬಿಟ್ಟು ಬಾ. ಗುಂಡಿಗೆ ಇಳಿ. ಮಗ್ಗಕ್ಕ ಕೈ ಪಳಗಾಕ ಎರಡು ವರ್ಷ ಸಾಲೂದಿಲ್ಲ, ಈಗ ಶುರು ಮಾಡು."